ಮಾಗಿಯ ಗಾಳಿ: ಕೊಟ್ಟಿಗೆಯಲ್ಲಿ ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು?

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ದೀಪಾವಳಿ ಕಳೆದ ಮೇಲೆ ಮೂಡಣ ಗಾಳಿ ಶುರುವಾಗುತ್ತದೆ. ಪುಷ್ಯ ಮಾಸದಲ್ಲಿ ನಸುಕಿನಲ್ಲೇ ಹಾಲು ಕರೆಯಲು ಹೋದರೆ ನಮಗೇ ನಡುಕ. ಆಗ ಗೊಬ್ಬರದ ಚೀಲ, ಪ್ಲಾಸ್ಟಿಕ್ ಹಾಳೆ ತಂದು ಕೊಟ್ಟಿಗೆಯ ಸುತ್ತ ಒಂದು ಸಂದೂ ಬಿಡದಂತೆ ಕಟ್ಟಿಬಿಡುತ್ತೇವೆ. ಉದ್ದೇಶ ಒಳ್ಳೆಯದೇ. ಆದರೆ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿದೆಯೆಂದು ನಾವು ನೋಡಲು ಹೋಗುವ ಕರುಗಳಲ್ಲಿ ಎಷ್ಟೋ ಕರುಗಳು ಹೀಗೆ ಬಿಗಿಯಾಗಿ ಮುಚ್ಚಿದ ಕೊಟ್ಟಿಗೆಯವೇ.

ದೊಡ್ಡ ಹಸುವಿಗೆ ನಮ್ಮ ಕಡೆಯ ಚಳಿ ಲೆಕ್ಕಕ್ಕಿಲ್ಲ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಹೆಚ್.ಎಫ್. ಮಿಶ್ರತಳಿ ನೆಮ್ಮದಿಯಾಗಿ ಮೆಲುಕು ಹಾಕುತ್ತದೆ. ಹೊಟ್ಟೆಯಲ್ಲಿ ಮೇವು ಹುದುಗುವಾಗ ಹುಟ್ಟುವ ಶಾಖವೇ ಅದಕ್ಕೆ ಕಂಬಳಿ. ಎಳೆಗರುವಿಗೆ ಆ ಶಾಖವಿಲ್ಲ, ಮೈಯಲ್ಲಿ ಕೊಬ್ಬೂ ಕಡಿಮೆ. ಸುಮಾರು 15 ಡಿಗ್ರಿಗಿಂತ ಕೆಳಗಿಳಿದರೆ ಅದು ಕುಡಿದ ಹಾಲಿನ ಒಂದು ಪಾಲು ಮೈ ಬಿಸಿ ಇಟ್ಟುಕೊಳ್ಳಲೇ ಖರ್ಚಾಗುತ್ತದೆ. ಮೈ ಒದ್ದೆಯಾಗಿದ್ದು ಗಾಳಿಯೂ ಬೀಸಿದರೆ ಇನ್ನೂ ಹೆಚ್ಚು.

ಆದ್ದರಿಂದ ಗಾಳಿ ತಡೆಯಬೇಕಾದದ್ದು ಕರು ಮಲಗುವ ಎತ್ತರದಲ್ಲಿ. ನೆಲದಿಂದ ನಾಲ್ಕು ಅಡಿ, ಮೂಡಲು ಮತ್ತು ಬಡಗಲು ದಿಕ್ಕಿಗೆ ಗೋಣಿತಾಟು ಅಥವಾ ತೆಂಗಿನ ಗರಿಯ ತಡಿಕೆ ಕಟ್ಟಿ. ಸೂರಿನ ಕೆಳಗೆ ಒಂದು ಅಡಿಯಾದರೂ ತೆರೆದೇ ಇರಲಿ. ಒಂದು ಹಸು ಉಸಿರು ಮತ್ತು ಚರ್ಮದ ಮೂಲಕ ದಿನಕ್ಕೆ ಸುಮಾರು 10 ಲೀಟರ್ ನೀರನ್ನು ಆವಿಯಾಗಿ ಹೊರಬಿಡುತ್ತದೆ. ನಾಲ್ಕು ಹಸುವಿದ್ದರೆ ಸಂಘದ ಒಂದು ಕ್ಯಾನ್ ತುಂಬುವಷ್ಟು! ಅದು ಮೇಲಿನಿಂದ ಹೊರಗೆ ಹೋಗಲೇಬೇಕು. ಬೆಳಿಗ್ಗೆ ಶೀಟಿನ ಒಳಮೈಯಲ್ಲಿ ಹನಿ ಕೂತಿದ್ದರೆ ದಾರಿ ಮುಚ್ಚಿದೆ ಎಂದೇ ಅರ್ಥ.

ಗಂಜಲದ ಘಾಟು ಇನ್ನೂ ಕೆಟ್ಟದ್ದು. ಶ್ವಾಸನಾಳದಲ್ಲಿ ರೋಗಾಣುಗಳನ್ನು ಗುಡಿಸಿ ಹೊರಹಾಕುವ ಸೂಕ್ಷ್ಮ ರೋಮಗಳಿವೆ. ಅಮೋನಿಯಾ ಅವುಗಳನ್ನು ಹಾಳು ಮಾಡುತ್ತದೆ. ನಾವು ನಿಂತು ಮೂಸಿದರೆ ಇದು ತಿಳಿಯುವುದಿಲ್ಲ. ಕರುವಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಉಸಿರೆಳೆದು ನೋಡಿ. ನಿಮ್ಮ ಕಣ್ಣು ಉರಿದರೆ ಇಡೀ ರಾತ್ರಿ ಅಲ್ಲೇ ಮಲಗುವ ಕರುವಿನ ಗತಿಯೇನು?

ಪ್ಲಾಸ್ಟಿಕ್‌ಗಿಂತ ಗೋಣಿಯೇ ಮೇಲು. ಕೆಳಅಂಚಿಗೆ ಬಿದಿರುಗಳ ಸೇರಿಸಿ ಹೊಲಿದರೆ ಪಟಪಟ ಬಡಿಯುವುದಿಲ್ಲ, ಬಿಸಿಲೇರಿದಾಗ ಸುತ್ತಿ ಮೇಲೆ ಕಟ್ಟಬಹುದು, ಸಂಜೆ ಇಳಿಬಿಡಬಹುದು. ಇದೂ ಮನೆಯ ಹೆಣ್ಣುಮಕ್ಕಳ ಪಾಲಿಗೇ ಬೀಳುವ ಕೆಲಸ. ಗಂಡಸರು ಹಗ್ಗವನ್ನಾದರೂ ಕಟ್ಟಿಕೊಡಿ.

ಕರು ಮಲಗಿದಾಗ ಕಾಲು ಕಾಣದಷ್ಟು ದಪ್ಪ ಒಣಹುಲ್ಲು ಹಾಸಿ. ರಾಗಿಹುಲ್ಲು ಮೇವಿಗೇ ಸಾಲದು ಎನ್ನುವವರು ಗೋದಲಿಯಲ್ಲಿ ಉಳಿದ ಒಣ ಕಡ್ಡಿ, ಕಬ್ಬಿನ ತರಗು ಬಳಸಬಹುದು. ಹಾಸಿದ ಮೇಲೆ ಮಂಡಿಯೂರಿ ನೋಡಿ. ಪಂಚೆ ಒದ್ದೆಯಾದರೆ ಬದಲಾಯಿಸಿ. ಒದ್ದೆ ಹಾಸಿಗೆಯ ಮೇಲೆ ಎಂಥ ಪರದೆ ಕಟ್ಟಿದರೂ ಪ್ರಯೋಜನವಿಲ್ಲ.

ಕೊಟ್ಟಿಗೆಯೊಳಗೆ ರಾತ್ರಿ ಬೆಂಕಿ ಹಾಕುವುದು ಖಂಡಿತ ಬೇಡ. ಹೊಗೆಯೂ ಶ್ವಾಸಕೋಶಕ್ಕೆ ಕೆಡುಕು, ಕಿಡಿ ಹಾರಿದರೆ ಕಟ್ಟಿದ ರಾಸು ಓಡಲಾರದು.

ಕರು ಕೆಮ್ಮುತ್ತಿದ್ದರೆ, ಮೂಗು ಸುರಿಯುತ್ತಿದ್ದರೆ, ಹಾಲು ಬಿಟ್ಟು ಕಿವಿ ಜೋಲಿಸಿ ನಿಂತಿದ್ದರೆ ಜ್ವರ ನೋಡಿಸಿ. 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಮರುದಿನಕ್ಕೆ ಕಾಯದೆ, ಸಂಜೆ ಹಾಲು ಹಾಕಲು ಬಂದಾಗಲೇ ಕಾರ್ಯದರ್ಶಿಯವರಿಗೆ ಹೇಳಿ ಪಶುವೈದ್ಯರನ್ನು ಕರೆಸಿ.