ಎ.ಸಿ. ಹಾಕಿದಾಗ ಎಂಜಿನ್ ವೇಗ ಬದಲಾಗುವುದೇಕೆ?



ಡೀಸೆಲ್ ಪಂಪ್‌ಸೆಟ್ಟು ಖಾಲಿ ಓಡುವಾಗ ಒಂದು ಸದ್ದು, ನೀರೆತ್ತತೊಡಗಿದಾಗ ಇನ್ನೊಂದು ಸದ್ದು. ಹೊರೆ ಬಿದ್ದ ಕೂಡಲೇ ಎಂಜಿನ್ ತುಸು ತಗ್ಗುತ್ತದೆ. ಗವರ್ನರ್ ಹೆಚ್ಚು ಡೀಸೆಲ್ ಬಿಟ್ಟೊಡನೆ ಚೇತರಿಸಿಕೊಳ್ಳುತ್ತದೆ. ಇದನ್ನು ಯಾವ ರೈತನೂ ದೋಷವೆನ್ನುವುದಿಲ್ಲ. ಆದರೆ ಭಟ್ಕಳದ ಮಲ್ಲಿಗೆ, ಹೊನ್ನಾವರದ ವೀಳ್ಯದೆಲೆ, ಕುಮಟಾದ ಈರುಳ್ಳಿ ಮಾರಿ ಕೊಂಡ ಕಾರಿನಲ್ಲಿ ಎ.ಸಿ. ಹಾಕಿದಾಗ ಹೀಗಾದರೆ, ಕಂಪ್ರೆಸರ್ ಹೋಯಿತೆಂದು ಗಾಬರಿಪಡುವವರಿದ್ದಾರೆ. ಪರೀಕ್ಷಿಸದೆ ಕಂಪ್ರೆಸರ್ ಬದಲಾಯಿಸಿದರೆ ಒಂದು ಬೆಳೆಯ ಲಾಭವೇ ಕರಗಬಹುದು.

ಕಾರಣವೇನು?

ಸಾಮಾನ್ಯ ಕಾರುಗಳಲ್ಲಿ ಎ.ಸಿ. ಕಂಪ್ರೆಸರನ್ನು ಎಂಜಿನ್ನೇ ಬೆಲ್ಟಿನ ಮೂಲಕ ತಿರುಗಿಸುತ್ತದೆ. ನಿಂತ ಗಾಡಿಯ ಎಂಜಿನ್ ನಿಮಿಷಕ್ಕೆ ಸುಮಾರು 700ರಿಂದ 900 ಸುತ್ತು ಮಾತ್ರ ತಿರುಗುತ್ತಿರುತ್ತದೆ. ಆಗ ಅದರ ಶಕ್ತಿ ಕಡಿಮೆ; ಕಂಪ್ರೆಸರಿಗೋ ಕೆಲವು ಅಶ್ವಶಕ್ತಿ ಬೇಕು. ಆದುದರಿಂದ ಇಂದಿನ ಪೆಟ್ರೋಲ್ ಗಾಡಿಗಳಲ್ಲಿ ಕಂಪ್ಯೂಟರ್ ಮೊದಲು ಹೆಚ್ಚು ಗಾಳಿ ಬಿಟ್ಟು, ಬಳಿಕ ಕಂಪ್ರೆಸರಿನ ಕ್ಲಚ್ಚನ್ನು ಕೂಡಿಸುತ್ತದೆ. ಡೀಸೆಲ್ ಗಾಡಿಯಾದರೆ ಇಂಧನವನ್ನು ಹೆಚ್ಚಿಸುತ್ತದೆ. ಕ್ಲಚ್ ಕೂಡಿದಾಗ ಸಣ್ಣ ಕುಲುಕು, ವೇಗದಲ್ಲಿ 50ರಿಂದ 150 ಸುತ್ತಿನ ಏರಿಕೆ ಸಹಜ. ಕೆಲವು ಗಾಡಿಗಳಲ್ಲಿ ವೇಗ ಏರದೆ ಇದ್ದಷ್ಟೇ ಇರಬಹುದು.

ಕರಾವಳಿಯಲ್ಲಿ ಹೊರೆ ಹೆಚ್ಚು

ಎ.ಸಿ. ಗಾಳಿಯನ್ನು ತಂಪು ಮಾಡುವುದರ ಜೊತೆಗೆ ಅದರಲ್ಲಿರುವ ನೀರಾವಿಯನ್ನೂ ನೀರಾಗಿಸುತ್ತದೆ. ಗಾಡಿಯ ಕೆಳಗೆ ತೊಟ್ಟಿಕ್ಕುವುದು ಆ ನೀರೇ. ಒಂದು ಲೀಟರ್ ನೀರಾಗುವಷ್ಟು ಆವಿಯಿಂದ ತೆಗೆಯಬೇಕಾದ ಶಾಖವು, ಅಷ್ಟೇ ತಣ್ಣೀರನ್ನು ಕುದಿಬಿಂದುವಿಗೆ ತರುವ ಶಾಖದ ಸುಮಾರು 8 ಪಟ್ಟು. ಆದ್ದರಿಂದ ಬಿಸಿಲು ಒಂದೇ ಆಗಿದ್ದರೂ, ಒಣಹವೆಯ ಬಯಲುಸೀಮೆಗಿಂತ ಮೇ ತಿಂಗಳ ಕುಮಟಾದಲ್ಲಿ ಕಂಪ್ರೆಸರ್ ಹೆಚ್ಚು ದುಡಿಯಬೇಕಾಗುತ್ತದೆ.

ಪರೀಕ್ಷಿಸುವ ಕ್ರಮ

ಗಾಡಿಯನ್ನು ಬಯಲಿನಲ್ಲಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್‌ಗೆ ತರಬೇಕು. ಎಂಜಿನ್ ಚೆನ್ನಾಗಿ ಕಾದ ಮೇಲೆ ಎರಡು ನಿಮಿಷ ಎ.ಸಿ. ಇಲ್ಲದೆ, ಬಳಿಕ ಎ.ಸಿ. ಹಾಕಿ ಮುಳ್ಳನ್ನು ಗಮನಿಸಬೇಕು. ಎ.ಸಿ. ಇಲ್ಲದೆಯೂ ಎಂಜಿನ್ ನಡುಗಿದರೆ ದೋಷ ಎಂಜಿನ್ನಿನದೇ. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪುಗಳನ್ನು ಮೊದಲು ನೋಡಿಸಬೇಕು. ಎ.ಸಿ. ಹಾಕಿದಾಗ ಮಾತ್ರ ತೊಂದರೆ ಕಂಡರೆ ಹೀಗೆ ತಿಳಿಯಬಹುದು:

1. ವೇಗ ಬಹಳ ತಗ್ಗಿ ಎಂಜಿನ್ ನಿಂತುಹೋದರೆ: ಥ್ರಾಟಲ್‌ನಲ್ಲಿ ಮಸಿ ಕಟ್ಟಿರುವ ಸಂಭವ ಹೆಚ್ಚು. ಅದನ್ನು ಶುಚಿಗೊಳಿಸುವ ಖರ್ಚು ಅಲ್ಪ.

2. ವೇಗ ಸ್ಥಿರವಾಗಿದ್ದು ಗಾಡಿಯ ಮೈ ಮಾತ್ರ ನಡುಗಿದರೆ: ಎಂಜಿನ್ ಮೌಂಟಿಂಗಿನ ರಬ್ಬರ್ ಸವೆದಿರಬಹುದು.

3. ಕಿರ್ರೆಂದು ಕೂಗಿದರೆ: ಬೆಲ್ಟ್ ಸಡಿಲವಾಗಿರಬಹುದು. ಒಂದೇ ಸಮನೆ ಗರಗರ ಸದ್ದು ಬಂದರೆ ಪುಲ್ಲಿಯ ಅಥವಾ ಕಂಪ್ರೆಸರಿನ ಬೇರಿಂಗನ್ನು ಶಂಕಿಸಬೇಕು.

4. ನಿಂತಾಗ ತಂಪು ಕಡಿಮೆಯಾಗಿ ಎಂಜಿನ್ ಭಾರವಾದರೆ, ಓಡುವಾಗ ಸರಿಹೋದರೆ: ಮುಂಭಾಗದ ಫ್ಯಾನ್ ತಿರುಗುತ್ತಿಲ್ಲ ಅಥವಾ ಕಂಡೆನ್ಸರ್ ಜಾಲರಿಯಲ್ಲಿ ಧೂಳು ತುಂಬಿದೆ.

5. ಕ್ಲಚ್ ಕೆಲವೇ ಸೆಕೆಂಡಿಗೊಮ್ಮೆ ಕೂಡಿ ಬಿಡುತ್ತಿದ್ದರೆ: ಗ್ಯಾಸಿನ ಒತ್ತಡವನ್ನು ಮೀಟರಿನಿಂದ ಅಳೆಯಿಸಬೇಕು. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸುವುದು ಒಡಕು ಕೊಡಕ್ಕೆ ನೀರು ಹೊಯ್ದಂತೆ. ಅಳತೆ ಮೀರಿ ತುಂಬಿಸಿದರೂ ಹೊರೆ ಹೆಚ್ಚುತ್ತದೆ.

ಉಪ್ಪುಗಾಳಿಗೆ ಜಾಲರಿಯೂ ತಂತಿಗಳ ತುದಿಯೂ ಬೇಗ ತುಕ್ಕು ಹಿಡಿಯುತ್ತವೆ. ಎಂಜಿನ್ ಆರಿದ ಮೇಲೆ ಜಾಲರಿಯನ್ನು ಮೆಲ್ಲನೆಯ ನೀರಿನಿಂದ ತೊಳೆಯುವುದು ಒಳ್ಳೆಯ ಅಭ್ಯಾಸ.

ಎಚ್ಚರಿಕೆ

ಎಂಜಿನ್ ಓಡುವಾಗ ಪಂಚೆ, ಟವೆಲು, ಸೆರಗು ಬೆಲ್ಟಿನ ಬಳಿ ಸುಳಿಯಬಾರದು. ದೇವಿಮನೆ ಘಟ್ಟ ಹತ್ತುವಾಗ ಶಾಖದ ಮುಳ್ಳು ಏರಿದರೆ ಕೂಡಲೇ ಎ.ಸಿ. ಆರಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸುವುದಾಗಲಿ, ನಿಂತ ಕಾರಿನಲ್ಲಿ ಎ.ಸಿ. ಹಾಕಿ ಮಲಗುವುದಾಗಲಿ ಕೂಡದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಎಲೆ ಹಳದಿಯಾದ ಮಾತ್ರಕ್ಕೆ ರೈತನು ಅಡಿಕೆ ಮರವನ್ನು ಕಡಿಯುವುದಿಲ್ಲ; ಬುಡ, ನೀರು, ಗೊಬ್ಬರ ನೋಡುತ್ತಾನೆ. ಗಾಡಿಗೂ ಅದೇ ನ್ಯಾಯ. ಕಂಡದ್ದನ್ನು ಚೀಟಿಯಲ್ಲಿ ಬರೆದು ಮೆಕ್ಯಾನಿಕನಿಗೆ ತೋರಿಸಿರಿ. ಮೊದಲು ಪರೀಕ್ಷೆ, ಆಮೇಲೆ ಖರ್ಚು.