ಲೆಕ್ಕದ ಪುಸ್ತಕ ಯಾರ ಮನೆಯಲ್ಲಿರಬೇಕು?

(ಭೀಮಸಮುದ್ರದಲ್ಲಿ ಸೇರಿದ್ದ ಮಿಲ್ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಅಡಿಕೆ ವ್ಯಾಪಾರದ ಊರಿಗೆ ಬಂದು ಕಂಪ್ಯೂಟರಿನ ಮಾತೇಕೆ ಎಂದು ಹಿರಿಯರೊಬ್ಬರು ಈಗ ತಾನೇ ಕೇಳಿದರು. ಅವರ ಜೇಬಿನಲ್ಲಿಯೇ ಒಂದು ಕಂಪ್ಯೂಟರಿದೆ. ಬೆಳಗಾದರೆ ರಾಶಿಗೆ ಏನು ಧಾರಣೆ, ಬೆಟ್ಟೆಗೆ ಏನು ಧಾರಣೆ ಎಂದು ಅದರಲ್ಲೇ ನೋಡುತ್ತಾರೆ. ಮಿಲ್ಲಿನ ಪಾಳಿ ಬದಲಾದ ಸುದ್ದಿ, ಸಂಘದ ಸಭೆಯ ಕರೆ, ಬಾಕಿ ಚೀಟಿಯ ಫೋಟೋ, ಎಲ್ಲವೂ ಅದರ ಮೂಲಕವೇ.

2021ರ ಅಕ್ಟೋಬರ್ 4ರ ರಾತ್ರಿ ನೆನಪಿದೆಯೇ? ಒಂಬತ್ತು ಗಂಟೆ ದಾಟಿದ ಮೇಲೆ ವಾಟ್ಸಾಪ್ ನಿಂತಿತು. ಸುಮಾರು ಆರು ತಾಸು ಲೋಕವೆಲ್ಲ ಮೂಕವಾಯಿತು. ಅಮೆರಿಕದ ಒಂದು ಕಂಪನಿಯೊಳಗಿನ ತಪ್ಪಿಗೆ ನಮ್ಮ ಊರಿನ ಮಾತೂ ನಿಂತಿತು. ಬಾಗಿಲು ನಮ್ಮದು, ಬೀಗದ ಕೈ ಮಾತ್ರ ಸಮುದ್ರದಾಚೆ!

ಮಾತಿನ ಒಳಗನ್ನು ನಾವು ಓದುವುದಿಲ್ಲ ಎಂದು ಕಂಪನಿ ಹೇಳುತ್ತದೆ. ಇರಲಿ, ಒಪ್ಪೋಣ. ಆದರೆ ಯಾರು ಯಾರಿಗೆ ಎಷ್ಟು ಹೊತ್ತಿಗೆ ಬರೆದರು, ಯಾವ ಗುಂಪಿನಲ್ಲಿ ಯಾರ್ಯಾರಿದ್ದಾರೆ ಎಂಬುದು ಅವರ ಯಂತ್ರಕ್ಕೆ ತಿಳಿಯದೆ ಇರುವುದಿಲ್ಲ. ಮುಷ್ಕರದ ಹಿಂದಿನ ರಾತ್ರಿ ಯಾರು ಯಾರೊಡನೆ ಮಾತಾಡಿದರೆಂಬ ಪಟ್ಟಿಗಿಂತ ಮಾಲೀಕನಿಗೆ ಇನ್ನೇನು ಬೇಕು?

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರಲ್ಲಿ ತೀರ್ಪು ಕೊಟ್ಟರು. ಆ ದಾವೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ವಾಟ್ಸಾಪಿನ 2021ರ ಕರಾರಿನ ವಿಷಯದಲ್ಲಿ ಸ್ಪರ್ಧಾ ಆಯೋಗವು 2024ರ ನವೆಂಬರಿನಲ್ಲಿ ಮೆಟಾ ಕಂಪನಿಗೆ 213 ಕೋಟಿ ರೂಪಾಯಿ ದಂಡ ಹಾಕಿತು. ದಂಡ ಬೇಕು. ಆದರೆ ದಂಡ ಹಾಕಿದ ಮಾತ್ರಕ್ಕೆ ಕಿರ್ದಿ-ಖಾತೆ ನಮ್ಮ ಮನೆಗೆ ಬರುವುದಿಲ್ಲ.

ನಮ್ಮ ಪಕ್ಷದ ಹಳಬರಿಗೆ 1951ರ ಕಾಗೋಡು ಸತ್ಯಾಗ್ರಹವನ್ನು ನೆನಪಿಸಬೇಕಾಗಿಲ್ಲ. ಸಾಗರದ ಗೇಣಿದಾರರ ಆ ಜಗಳ ಹತ್ತಿದ್ದು ಯಾವುದರಿಂದ? ಗೇಣಿ ಅಳೆಯುವ ಕೊಳಗದಿಂದ. ಕೊಳಗ ಒಡೆಯನದು, ಅಳೆಯುವವನು ಒಡೆಯನ ಆಳು. ಇಂದಿನ ಕಂಪನಿಯ ತಂತ್ರಾಂಶವೂ ಅಂಥದೇ ಕೊಳಗ. ಒಳಗೆ ಎಷ್ಟು ಹಿಡಿಯುತ್ತದೆಂದು ನೋಡುವ ಅಧಿಕಾರ ನಮಗಿಲ್ಲ.

ಇದಕ್ಕೆ ಎದುರು ನಿಂತದ್ದು ಸ್ವತಂತ್ರ ತಂತ್ರಾಂಶ. ಪುಕ್ಕಟೆ ಎಂಬುದು ಅದರ ಹೆಚ್ಚುಗಾರಿಕೆಯಲ್ಲ. ಯಾರು ಬೇಕಾದರೂ ಅದರ ಒಳಗನ್ನು ಬಿಚ್ಚಿ ನೋಡಬಹುದು, ತಿದ್ದಬಹುದು, ನೆರೆಯವನಿಗೆ ಕೊಡಬಹುದು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಈ ಚಳವಳಿಗೆ ಕೈಹಾಕಿದರು. 1993ರಲ್ಲಿ ಡೆಬಿಯನ್ ಹುಟ್ಟಿತು. ಇಂದಿಗೂ ಅದನ್ನು ಸ್ವಯಂಸೇವಕರು ಕೂಡಿ ನಡೆಸುತ್ತಾರೆ, ಅದಕ್ಕೆ ಮಾಲೀಕನಿಲ್ಲ. 2010ರಲ್ಲಿ ನ್ಯೂಯಾರ್ಕಿನ ಕಾನೂನು ಪಂಡಿತ ಎಬೆನ್ ಮೊಗ್ಲೆನ್, ಪ್ರತಿ ಮನೆಯಲ್ಲೂ ಒಂದು ಸಣ್ಣ ಸರ್ವರ್ ಇರಲಿ ಎಂದರು. ಅದರಿಂದ ಬಂದದ್ದು ಫ್ರೀಡಂಬಾಕ್ಸ್. ಡೆಬಿಯನ್ನೇ ಅದಕ್ಕೆ ತಳಪಾಯ.

ಸರ್ವರ್ ಎಂದರೆ ಹೆದರಬೇಡಿ. ಅಂಗೈಯಷ್ಟು ಪೆಟ್ಟಿಗೆ, ಎಲ್‌ಇಡಿ ಬಲ್ಬಿನಷ್ಟೇ ಕರೆಂಟು ತಿನ್ನುತ್ತದೆ. ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಾದರೂ ಸಾಕು. ಫೋಟೋ, ಲೆಕ್ಕಪತ್ರ, ಸಂಘದ ಸದಸ್ಯರ ಪಟ್ಟಿ, ಪರಸ್ಪರ ಮಾತುಕತೆ, ಎಲ್ಲವೂ ಅದರಲ್ಲಿ ಇರುತ್ತದೆ. ಬೀಗದ ಕೈ ನಮ್ಮಲ್ಲಿ.

ತೊಡಕುಗಳನ್ನು ಮುಚ್ಚಿಟ್ಟು ಮಾತಾಡುವುದು ನನಗೆ ಸೇರದು. ಮೊಬೈಲ್ ಸಿಮ್ಮಿನ ಸಂಪರ್ಕದಲ್ಲಿ ಸಾಮಾನ್ಯವಾಗಿ ನೂರಾರು ಜನರಿಗೆ ಒಂದೇ ವಿಳಾಸ. ದೊಡ್ಡ ವಠಾರಕ್ಕೆಲ್ಲ ಒಂದೇ ಬಾಗಿಲ ನಂಬರ್ ಇದ್ದಂತೆ; ಹೊರಗಿನ ಟಪಾಲು ನಿಮ್ಮ ಕೋಣೆ ಹುಡುಕಲಾರದು. ಆದ್ದರಿಂದ ತಂತಿಯ ಬ್ರಾಡ್‌ಬ್ಯಾಂಡ್ ತೆಗೆದುಕೊಂಡು, ಸ್ವಂತ ವಿಳಾಸ ಬೇಕೆಂದು ಕೇಳಿ ಪಡೆಯಬೇಕು. ಕರೆಂಟು ಹೋದರೆ ಲ್ಯಾಪ್‌ಟಾಪಿನ ಬ್ಯಾಟರಿ ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಇಂಟರ್‌ನೆಟ್ಟಿನ ಪೆಟ್ಟಿಗೆಗೂ ಬ್ಯಾಟರಿ ಬೇಕು. ಎಲ್ಲಕ್ಕಿಂತ ಮುಖ್ಯ, ಎರಡನೆಯ ಪ್ರತಿ. ಹಿಂದೆ ನನ್ನ ಬಳಿ ಒಂದೇ ಡಿಸ್ಕಿನಲ್ಲಿ ಆರು ವರ್ಷದ ವಂತಿಗೆ ಲೆಕ್ಕವಿತ್ತು. ಅದು ಕೆಟ್ಟಿತು. ರಸೀತಿ ಪುಸ್ತಕಗಳನ್ನು ಇಟ್ಟುಕೊಂಡು ಮತ್ತೆ ಬರೆಯಲು ಮೂರು ತಿಂಗಳು ಹಿಡಿಯಿತು, ಬೈಗುಳ ಬೇರೆ.

ಇದು ಪಟ್ಟಣದವರ ಆಟವಲ್ಲ. ತುಮಕೂರಿನ ಪಕ್ಕದ ದೇವರಾಯನದುರ್ಗದಲ್ಲಿ ಜನಸ್ತು ಎಂಬ ಸಂಸ್ಥೆ ಹಳ್ಳಿಯವರೊಡನೆ ಕೂಡಿ ಊರಿನದೇ ವೈಫೈ ಜಾಲ ಕಟ್ಟಿದೆ. ಹಳ್ಳಿಯವರೇ ಮಾಡಿದ ಧ್ವನಿ ಕಾರ್ಯಕ್ರಮಗಳನ್ನು ಆ ಜಾಲದಲ್ಲೇ ಕೇಳಬಹುದು.

ನಾಳೆಯೇ ವಾಟ್ಸಾಪ್ ಬಿಡಿ ಎಂದು ನಾನು ಹೇಳುವುದಿಲ್ಲ. ಧಾರಣೆ ಎಲ್ಲರಿಗೂ ತಿಳಿಯಬೇಕಾದ ಸುದ್ದಿ, ಅದು ಅಲ್ಲೇ ನಡೆಯಲಿ. ಮೊದಲು ಮೂರನ್ನು ತರೋಣ: ಸಂಘದ ಸದಸ್ಯರ ಪಟ್ಟಿ, ವಂತಿಗೆ ಲೆಕ್ಕ, ಅಂಗಡಿಗಳ ಸಾಲದ ಖಾತೆ. ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ ಈಗ ಬೇಡ. ಹತ್ತು ಮನೆಗೆ ಒಂದಾಗಲಿ. ಗುಪ್ತಪದ ಇಬ್ಬರ ಬಳಿ ಇರಲಿ, ಅವರಲ್ಲಿ ಒಬ್ಬರು ವ್ಯಾಪಾರಿ, ಒಬ್ಬರು ಕಾರ್ಮಿಕ. ಪರಸ್ಪರ ಸಂಶಯವಿದ್ದರೆ ಒಳ್ಳೆಯದೇ, ಲೆಕ್ಕ ಚೊಕ್ಕವಾಗಿರುತ್ತದೆ! ಎರಡನೆಯ ಪ್ರತಿ ಹೊಳಲ್ಕೆರೆಯ ಗೆಳೆಯರ ಬಳಿ ಇಡೋಣ.

ಹಳೆಯ ಲ್ಯಾಪ್‌ಟಾಪ್ ಒಂದನ್ನು ನಾನು ತಂದಿದ್ದೇನೆ. ಈ ಬೀದಿಯಲ್ಲಿ ಯಾರ ಮನೆಯಲ್ಲಿ ಕರೆಂಟು ಕಡಿಮೆ ಹೋಗುತ್ತದೆ, ಈಗ ಹೇಳಿ.