ಫೀಸಿನ ಸಾಲ, ರೂಮಿನ ಸಾಲ

ದತ್ತಿ ಉಪನ್ಯಾಸಗಳು ನಡೆಯುವುದು ಬಡ್ಡಿಯ ದುಡ್ಡಿನಲ್ಲಿ. ಯಾರೋ ಇಟ್ಟುಹೋದ ಇಡುಗಂಟು ಬ್ಯಾಂಕಿನಲ್ಲಿ ಕೂತು ದುಡಿಯುತ್ತದೆ. ವರ್ಷಕ್ಕೊಮ್ಮೆ ಒಂದು ಸಭೆ, ಒಂದು ಹಾರ, ಒಂದು ಕಿರುಹೊತ್ತಿಗೆ. ಇಂಥ ವೇದಿಕೆಯಲ್ಲಿ ಬಡ್ಡಿ ಕಟ್ಟುವವರ ಸುದ್ದಿ ಎತ್ತುವುದರಲ್ಲಿ ಒಂದು ನ್ಯಾಯವಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಮಕ್ಕಳನ್ನು ಓದಿಸಲು ಸಾಲ ಮಾಡಿದ ಮನೆಗಳಿಗೆ ಬರವಿಲ್ಲ. ಮಾತು ಬಂದಾಗಲೆಲ್ಲ ಕಾಲೇಜಿನ ಫೀಸೇ ಮುಂದೆ ಬಂದು ನಿಲ್ಲುತ್ತದೆ. ಆದರೆ ಮನೆಯ ಬೆನ್ನು ಮುರಿಯುವುದು ಹೆಚ್ಚಾಗಿ ರೂಮಿನ ಬಾಡಿಗೆಗೆ, ಮೆಸ್ಸಿಗೆ, ಬಟ್ಟೆಬರೆಗೆ ಎಂದು ಅಲ್ಲಿಷ್ಟು ಇಲ್ಲಿಷ್ಟು ತಂದ ಚಿಲ್ಲರೆ ಸಾಲ ಎಂಬುದು ಈ ಉಪನ್ಯಾಸದ ವಾದ.

ಊಟ ವಸತಿಯ ಚಿಂತೆ ಹೊಸದೇನಲ್ಲ. ಬಿ.ಎಂ. ಶ್ರೀಕಂಠಯ್ಯನವರು ಶಾಲೆ ಕಲಿತದ್ದು ಶ್ರೀರಂಗಪಟ್ಟಣದಲ್ಲಿ. ಅಲ್ಲಿಂದ ಮೈಸೂರು, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಕಡೆಗೆ ಬಿ.ಎಲ್., ಎಂ.ಎ.ಗಾಗಿ ಮದ್ರಾಸು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೇ 1916ರಲ್ಲಿ. ಅದಕ್ಕೆ ಮುಂಚೆ ಸಂಸ್ಥಾನದ ಹುಡುಗರಿಗೆ ಡಿಗ್ರಿ ಕೊಡುತ್ತಿದ್ದುದು ಮದ್ರಾಸ್ ವಿಶ್ವವಿದ್ಯಾನಿಲಯ. ಓದು ಎಂದರೆ ಊರು ಬಿಡುವುದು, ಊರು ಬಿಟ್ಟ ಮೇಲೆ ಹೊಟ್ಟೆಗೆ ದಾರಿ ಹುಡುಕುವುದು. ಆ ಕಾಲ ಕಂಡುಕೊಂಡ ಒಂದು ದಾರಿ ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದನ್ನು ನೆನೆದು ಕಣ್ಣೊರೆಸಿಕೊಳ್ಳುವವರು ಇಂದಿಗೂ ಇದ್ದಾರೆ. ಆ ಹೊಸ್ತಿಲು ಜಾತಿ ನೋಡಿ ತೆರೆಯುತ್ತಿತ್ತು ಎಂಬುದನ್ನೂ ಅವರು ನೆನೆಯುವುದು ಒಳ್ಳೆಯದು. ಹೊಸ್ತಿಲ ಆಚೆ ಉಳಿದವರಿಗೆ ಆಸರೆಯಾದದ್ದು ಹಾಸ್ಟೆಲು. 1906ರಲ್ಲಿ ಆರಂಭವಾದ ಒಕ್ಕಲಿಗರ ಸಂಘದಂಥ ಸಮುದಾಯ ಸಂಸ್ಥೆಗಳು, ಮಠಗಳು, ಮುಂದೆ ಸರ್ಕಾರದ ಇಲಾಖೆಗಳು ಹಾಸ್ಟೆಲುಗಳನ್ನು ನಡೆಸಿದವು. ಹಳ್ಳಿಯ ಒಂದೆರಡು ತಲೆಮಾರು ಸಾಲವಿಲ್ಲದೆ ಓದಿದ್ದು ಆ ಅನ್ನದಲ್ಲಿ. ಫೀಸು ಆಗ ದೊಡ್ಡ ಮಾತಾಗಿರಲಿಲ್ಲ.

ಫೀಸು ದೊಡ್ಡ ಮಾತಾದದ್ದು ಖಾಸಗಿ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ ಕಾಲದಲ್ಲಿ, ಮತ್ತು ಆ ಕಥೆಯಲ್ಲಿ ಕರ್ನಾಟಕ ಮುಂದಾಳು. ಕ್ಯಾಪಿಟೇಶನ್ ತಡೆಯಲು 1984ರಲ್ಲಿ ಕಾಯ್ದೆ ಬಂತು. ಆದರೂ ತುಮಕೂರಿನ ಮೆಡಿಕಲ್ ಕಾಲೇಜೊಂದರ ಸೀಟಿಗೆ ವರ್ಷಕ್ಕೆ 60,000 ರೂಪಾಯಿ ಕೇಳಿದ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 1992ರ ಮೋಹಿನಿ ಜೈನ್ ತೀರ್ಪಾಯಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಫ್ರೀ ಸೀಟು, ಪೇಮೆಂಟ್ ಸೀಟು ಎಂಬ ವಿಂಗಡಣೆ ತಂದಿತು. ಅದರ ಬೆನ್ನಿಗೇ ಸಿಇಟಿ. 2002ರಲ್ಲಿ ಟಿ.ಎಂ.ಎ. ಪೈ ತೀರ್ಪು ಆ ವ್ಯವಸ್ಥೆಯನ್ನು ಕಳಚಿ, ಫೀಸು ಗೊತ್ತುಮಾಡುವಲ್ಲಿ ಖಾಸಗಿ ಆಡಳಿತ ಮಂಡಳಿಗಳಿಗೆ ಹೆಚ್ಚಿನ ಸ್ವಾತಂತ್ರ್ಯ ಕೊಟ್ಟಿತು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ ದೇಶದಲ್ಲಿ ಜಾರಿಗೆ ಬಂದದ್ದು ಅದಕ್ಕೆ ಒಂದು ವರ್ಷ ಮುಂಚೆ, 2001ರಲ್ಲಿ. ಫೀಸು ಏರುವ ಹೊತ್ತಿಗೆ ಸರಿಯಾಗಿ ಸಾಲದ ಬಾಗಿಲೂ ತೆರೆದಿತ್ತು.

ಆ ಬಾಗಿಲ ಒಳಗೆ ಏನಿದೆ ಎಂಬುದು ಪೋಷಕರಿಗೆ ಅರ್ಧಂಬರ್ಧ ಗೊತ್ತು. 4 ಲಕ್ಷದವರೆಗೆ ಆಸ್ತಿಯ ಅಡಮಾನ ಕೇಳುವಂತಿಲ್ಲ. 2015ರಲ್ಲಿ ಬಂದ ಸಾಲ ಖಾತರಿ ನಿಧಿಯ ಅಡಿಯಲ್ಲಿ ಕೊಡುವ ಸಾಲವಾದರೆ 7.5 ಲಕ್ಷದವರೆಗೂ ಅಡಮಾನವಾಗಲಿ, ಮೂರನೆಯವರ ಶೂರಿಟಿಯಾಗಲಿ ಬೇಕಿಲ್ಲ. ಕಂತು ಶುರುವಾಗುವುದು ಕೋರ್ಸು ಮುಗಿದು ಒಂದು ವರ್ಷದ ಮೇಲೆ. ತೀರಿಸಲು 15 ವರ್ಷದವರೆಗೆ ಅವಕಾಶ. ಕುಟುಂಬದ ವರಮಾನ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ, ಮಾನ್ಯತೆಯ ಷರತ್ತು ಪೂರೈಸುವ ಕಾಲೇಜುಗಳ ವೃತ್ತಿಪರ ಕೋರ್ಸಿಗೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2009ರಿಂದ ಇದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ, 8 ಲಕ್ಷದವರೆಗೆ ವರಮಾನದ ಕುಟುಂಬಗಳಿಗೆ 10 ಲಕ್ಷದ ಸಾಲದ ಮೇಲೆ ಶೇ. 3ರಷ್ಟು ಬಡ್ಡಿ ರಿಯಾಯಿತಿ ಕೊಡುತ್ತದೆ. ಆದರೆ ಅದು ಮೊದಲಿಗೆ ದೇಶದ ಆಯ್ದ 860 ಸಂಸ್ಥೆಗಳ ಪಟ್ಟಿಗೆ ಕಟ್ಟುಬಿದ್ದದ್ದು. ಮಗಳ ಕಾಲೇಜು ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಜಾಹೀರಾತು ಓದಿ ಖುಷಿಪಡಬೇಕು, ಅಷ್ಟೇ.

ಎಲ್ಲರ ಕಣ್ಣು ತಪ್ಪಿಸಿಕೊಳ್ಳುವ ಸಾಲೊಂದು ಮಾದರಿ ಯೋಜನೆಯಲ್ಲಿದೆ. ಹಾಸ್ಟೆಲ್ ಫೀಸು, ಪುಸ್ತಕ, ಸಮವಸ್ತ್ರ, ಕಂಪ್ಯೂಟರ್ ಎಲ್ಲವೂ ಸಾಲದ ಲೆಕ್ಕಕ್ಕೆ ಸೇರುತ್ತವೆ. ಕಾಲೇಜಿನ ಹಾಸ್ಟೆಲಿನಲ್ಲಿ ಜಾಗ ಸಿಗದೆ ಹೊರಗೆ ಇರಬೇಕಾದರೆ ಅಲ್ಲಿನ ಊಟ ವಸತಿಯ ನ್ಯಾಯವಾದ ಖರ್ಚನ್ನೂ ಬ್ಯಾಂಕು ಪರಿಗಣಿಸಬಹುದು. ಇದನ್ನು ಕೇಳುವವರು ಕಡಿಮೆ. ಕಾಲೇಜು ಕೊಟ್ಟ ಫೀಸಿನ ಪಟ್ಟಿಯನ್ನಷ್ಟೇ ಅರ್ಜಿಗೆ ಲಗತ್ತಿಸಿ, ಮಿಕ್ಕದ್ದನ್ನು ಕೈಸಾಲ, ಚೀಟಿ, ಒಡವೆ ಅಡ, ಸಂಘದ ಸಾಲದ ಮೇಲೆ ಹೊರಿಸಿಬಿಡುತ್ತಾರೆ.

ಲೆಕ್ಕ ಹಾಕಿ ನೋಡಿದರೆ ಇದರ ಬೆಲೆ ತಿಳಿಯುತ್ತದೆ. ನಾಲ್ಕು ವರ್ಷದ ಎಂಜಿನಿಯರಿಂಗಿಗೆ ವರ್ಷಕ್ಕೆ 1.25 ಲಕ್ಷದಂತೆ 5 ಲಕ್ಷ, ಶೇ. 10ರ ಸರಳ ಬಡ್ಡಿಗೆ ಬ್ಯಾಂಕು ಕೊಟ್ಟಿತು ಎನ್ನಿ. ಕಂತು ಶುರುವಾಗುವ ಐದನೇ ವರ್ಷದ ಕೊನೆಗೆ ಸೇರುವ ಬಡ್ಡಿ 1.75 ಲಕ್ಷ. ಒಟ್ಟು 6.75 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 8,900 ರೂಪಾಯಿ ಕಟ್ಟಬೇಕು. ಅದೇ ಮನೆಯವರು ರೂಮು, ಮೆಸ್ಸಿನ ಖರ್ಚಿಗೆಂದು ಮೊದಲ ವರ್ಷವೇ 1 ಲಕ್ಷವನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದರೆ? ಅದು ವರ್ಷಕ್ಕೆ ಶೇ. 36. ಐದು ವರ್ಷಕ್ಕೆ ಬಡ್ಡಿಯೇ 1.8 ಲಕ್ಷ. ಬ್ಯಾಂಕಿನ ಐದು ಲಕ್ಷ ತಿಂದದ್ದಕ್ಕಿಂತ ಕೈಸಾಲದ ಒಂದು ಲಕ್ಷ ಹೆಚ್ಚು ತಿಂದಿರುತ್ತದೆ. ಅದೂ ತಿಂಗಳ ಮೊದಲ ವಾರಕ್ಕೇ ಬಾಗಿಲಿಗೆ ಬಂದು ಕೇಳುವ ಬಡ್ಡಿ. ಕೋರ್ಸು ಮುಗಿಯಲಿ ಎಂದು ಕಾಯುವುದಿಲ್ಲ.

ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ಹೆಸರಿಸಿದರೂ ಈ ಖರ್ಚು ನಾಲ್ಕರಲ್ಲೂ ಒಂದೇ ಅಲ್ಲ. ಶ್ರೀರಂಗಪಟ್ಟಣದ ಹುಡುಗ ಬೆಳಿಗ್ಗೆ ರೈಲು ಹತ್ತಿ ಮೈಸೂರಿನಲ್ಲಿ ಓದಿ ರಾತ್ರಿ ಮನೆಯ ಮುದ್ದೆ ಉಣ್ಣಬಹುದು. ಪಾಂಡವಪುರಕ್ಕೂ ಅದೇ ರೈಲು ದಾರಿಯ ಅನುಕೂಲವಿದೆ. 1962ರಲ್ಲಿ ಶುರುವಾದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿರುವ ಮಂಡ್ಯವೂ ಅದೇ ದಾರಿಯಲ್ಲಿ. ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯವನಿಗೋ, ನಾಗಮಂಗಲದ ಒಳನಾಡಿನವಳಿಗೋ ದಿನಾ ಮೈಸೂರಿಗೆ ಹೋಗಿ ಬರುವುದು ಆಗದ ಮಾತು. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಸೆಂಟ್ರಲ್ ಕಾಲೇಜಿಗೆ ಬಿ.ಎ. ಓದಲು ಹೋಗಿ ಪದವಿ ಪೂರೈಸದೆ ಗುಮಾಸ್ತೆ ಕೆಲಸ ಹಿಡಿದರು. ಈಗ ಕೆ.ಆರ್. ಪೇಟೆಯಲ್ಲೇ 2007ರಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮಠದ ಮೆಡಿಕಲ್ ಕಾಲೇಜು 1980ರ ದಶಕದಿಂದ ನಡೆಯುತ್ತಿದೆ, 2018ರಿಂದ ಆದಿಚುಂಚನಗಿರಿ ವಿಶ್ವವಿದ್ಯಾಲಯವೂ ಇದೆ. ಊರ ಹತ್ತಿರದ ಕಾಲೇಜು ಉಳಿಸುವ ಬಾಡಿಗೆಯನ್ನು ಯಾವ ಸ್ಕಾಲರ್‌ಶಿಪ್ಪೂ ತುಂಬಿಕೊಡಲಾರದು. ಸೀಟು ಆರಿಸುವಾಗ ಕಾಲೇಜಿನ ಹೆಸರಿನ ಜೊತೆಗೆ ದೂರವನ್ನೂ ತೂಗಬೇಕು; ಸಿಇಟಿ ಆಪ್ಷನ್ ತುಂಬುವ ರಾತ್ರಿ ಇದನ್ನು ಯೋಚಿಸುವವರು ವಿರಳ.

ಕಬ್ಬಿನ ನಾಡಿಗೆ ಇನ್ನೊಂದು ತೊಡಕು. ಕಬ್ಬು ಸರಬರಾಜಾದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದೇಶ ಏನು ಹೇಳಿದರೂ ಬಾಕಿ ಉಳಿಯುವುದು ಈ ಸೀಮೆಗೆ ಹೊಸದಲ್ಲ. 2015ರ ಜೂನ್, ಜುಲೈನಲ್ಲಿ ಮಂಡ್ಯದ ರೈತರ ಆತ್ಮಹತ್ಯೆಗಳು ರಾಜ್ಯವನ್ನೇ ಬೆಚ್ಚಿಬೀಳಿಸಿದಾಗ ಕಬ್ಬಿನ ಬಾಕಿಯ ಮಾತು ಎಲ್ಲೆಡೆ ಕೇಳಿಬಂತು. ಪಾಂಡವಪುರದ ಸಹಕಾರ ಸಕ್ಕರೆ ಕಾರ್ಖಾನೆ ನಿಂತುಹೋಗಿ, 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಕೈ ಸೇರಿತು. ಫೀಸಿಗೆ ಕಡೆಯ ದಿನಾಂಕ ಇರುತ್ತದೆ, ಕಬ್ಬಿನ ದುಡ್ಡಿಗೆ ಇರುವುದಿಲ್ಲ. ನಡುವಿನ ಆ ಎರಡು ಮೂರು ತಿಂಗಳಲ್ಲಿ ಹುಟ್ಟುವುದೇ ಕೈಸಾಲ.

ಇಂಗ್ಲೆಂಡಿನ ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಲ್ಲಿ 1990ರಲ್ಲಿ ವಿದ್ಯಾರ್ಥಿ ಸಾಲ ಹುಟ್ಟಿದ್ದೇ ಊಟ ವಸತಿಗಾಗಿ. ಬೋಧನಾ ಶುಲ್ಕ ಬಂದದ್ದು 1998ರಲ್ಲಿ. ಇಂದಿಗೂ ಅಲ್ಲಿ ಜೀವನ ನಿರ್ವಹಣೆಯ ಸಾಲ ಬೇರೆಯಾಗಿಯೇ ಇದೆ. ಅಪ್ಪ ಅಮ್ಮನ ಮನೆಯಿಂದ ಓದುವವರಿಗೆ ಕಡಿಮೆ, ಹೊರಗಿದ್ದು ಓದುವವರಿಗೆ ಹೆಚ್ಚು, ಲಂಡನ್ನಿನಲ್ಲಿದ್ದರೆ ಇನ್ನೂ ಹೆಚ್ಚು. ಸಂಬಳ ಗೊತ್ತಾದ ಮಿತಿ ದಾಟುವವರೆಗೆ ಕಂತೂ ಇಲ್ಲ. ನಮ್ಮಲ್ಲಿ ಕೆಲಸ ಸಿಗಲಿ ಬಿಡಲಿ, ಗಡುವು ಮುಗಿದರೆ ಕಂತು ಬಂತು.

ರಾಜ್ಯ ಸರ್ಕಾರ ಸುಮ್ಮನೆ ಕೂತಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ 2013ರಲ್ಲಿ ಬಂತು. ಊಟದ ಖರ್ಚೇ ಖರ್ಚು ಎಂದು ಒಪ್ಪಿಕೊಂಡ ಯೋಜನೆ ಅದು. ಆ ಮೊತ್ತಕ್ಕೆ ಇವತ್ತು ಮೈಸೂರಿನಲ್ಲಿ ತಿಂಗಳ ಮೆಸ್ಸು ಮುಗಿಯುವುದೂ ಅನುಮಾನ. 2021ರ ರೈತ ವಿದ್ಯಾನಿಧಿಯಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಓದುವ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ಗೊತ್ತಾಯಿತು. ಸಿಇಟಿ ಮೂಲಕ ಸೀಟು ಪಡೆದವರಿಗೆ ಅಭಿವೃದ್ಧಿ ನಿಗಮಗಳ ಅರಿವು ಸಾಲ ವರ್ಷಕ್ಕೆ 1 ಲಕ್ಷದವರೆಗೆ, ಬಡ್ಡಿ ಶೇ. 2. ಇದಕ್ಕಿಂತ ಅಗ್ಗದ ಸಾಲ ಸಿಗುವುದು ಕಷ್ಟ. ಇವೆಲ್ಲಕ್ಕಿಂತ ಸದ್ದಿಲ್ಲದೆ ಕೆಲಸ ಮಾಡಿದ್ದು, ವಿದ್ಯಾರ್ಥಿಗಳಿಗೆಂದು ಮಾಡದ ಒಂದು ಯೋಜನೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು, ಪಾಸಿನ ಖರ್ಚೂ ತಪ್ಪಿತು.

ಓದಿಗೆಂದು ಅಮ್ಮಂದಿರು ಮೈಕ್ರೋ ಫೈನಾನ್ಸ್‌ನಲ್ಲಿ ತೆಗೆದ ಸಾಲದ ಕಥೆ ಬೇರೆಯದೇ ಉಪನ್ಯಾಸ ಬೇಡುತ್ತದೆ. ವಸೂಲಿಗಾರರ ಕಿರುಕುಳ ತಡೆಯಲು ರಾಜ್ಯ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅದರಲ್ಲಿತ್ತು. ಮೀಟರ್ ಬಡ್ಡಿಯ ವಿರುದ್ಧದ ಕಾಯ್ದೆಯಂತೂ 2004ರಿಂದಲೇ ಇದೆ.

ಪೋಷಕರಲ್ಲಿ ಒಂದು ವಿನಂತಿ. ಬ್ಯಾಂಕಿಗೆ ಹೋಗುವ ಮುಂಚೆ ಫೀಸು, ಹಾಸ್ಟೆಲು ಅಥವಾ ರೂಮು, ಮೆಸ್ಸು, ಪುಸ್ತಕ, ಲ್ಯಾಪ್‌ಟಾಪು ಎಲ್ಲವನ್ನೂ ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿ, ಒಂದೇ ಅರ್ಜಿಯಲ್ಲಿ ಕೇಳಿ. ಅಪ್ಪನ ಬೆಳೆಸಾಲ ಬಾಕಿಯಿದೆ, ಸಿಬಿಲ್ ಸರಿಯಿಲ್ಲ ಎಂಬ ಒಂದೇ ಮಾತಿಗೆ ಎದ್ದು ಬರಬೇಡಿ. ವಿದ್ಯಾರ್ಥಿಯ ಸಿಬಿಲ್ ಅಂಕ ಕಡಿಮೆ ಎಂಬ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದೆಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ಅರ್ಜಿ ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ಸಾಲ ಇಲ್ಲ ಎಂದರೆ ಆ ಮಾತನ್ನು ಕಾರಣದೊಂದಿಗೆ ಬರೆದು ಕೊಡಿ ಎಂದು ಮ್ಯಾನೇಜರನ್ನು ಕೇಳಿ.